ಕುರುಚಲು ಎಂಬ ಬೈಗುಳ

ಕನ್ನಡದಲ್ಲಿ ‘ಕುರುಚಲು’ ಎಂಬ ಮಾತು ಮುಖ್ಯವಾಗಿ ಎರಡು ಕಡೆ ಬಳಕೆಯಾಗುತ್ತದೆ: ಗಡ್ಡಕ್ಕೆ ಮತ್ತು ಕಾಡಿಗೆ. ಎರಡೂ ಕಡೆ ಅದರ ಧ್ವನಿ ಒಂದೇ. ಆಗಬೇಕಾದ ಕ್ಷೌರ ಆಗಿಲ್ಲ ಎಂಬುದು. ಕುರುಚಲು ಗಡ್ಡದವನನ್ನು ಕಂಡರೆ ಇವನು ಸೋಮಾರಿಯಿರಬೇಕು, ಇಲ್ಲವೇ ಯಾವುದೋ ದುಃಖದಲ್ಲಿರಬೇಕು ಎಂದು ಊಹಿಸುವ ಲೋಕ ಕುರುಚಲು ಕಾಡನ್ನು ಕಂಡಾಗಲೂ ಹಾಗೆಯೇ ಊಹಿಸುತ್ತದೆ. ಹಿಂದೆ ಇಲ್ಲಿ ದಟ್ಟ ಕಾಡಿತ್ತು, ಯಾರೋ ಕಡಿದು ಹಾಳುಮಾಡಿದರು. ಅಥವಾ ಮುಂದೆ ಇಲ್ಲಿ ಏನೋ ಬರಲಿದೆ, ಸದ್ಯಕ್ಕೆ ಖಾಲಿ ಬಿದ್ದಿದೆ. ಅದು ಈಗ ಏನಾಗಿದೆಯೋ ಅದೇ ಅದರ ಪೂರ್ಣರೂಪವಿರಬಹುದು ಎಂಬ ಯೋಚನೆ ಮಾತ್ರ ಯಾರಿಗೂ ಬರುವುದಿಲ್ಲ. ದೆಹಲಿಯ ಅಂಚಿನ ಅರಾವಳಿಯಲ್ಲಿ ವರ್ಷಕ್ಕೆ ನಾಲ್ಕಾರು ಸಲ ಅಡ್ಡಾಡುವ ನಮಗೆ ಈ ಊಹೆಯೊಡನೆ ಜಗಳವಿದೆ. ಆ ಜಗಳ ಸರ್ಕಾರಗಳೊಡನೆ ಇದ್ದೇ ಇದೆ; ಅದಕ್ಕೂ ಮೊದಲು ಕನ್ನಡ ಓದಿ ಬೆಳೆದವರ ನಡುವೆಯೇ ಅದು ನಡೆಯಬೇಕೆಂದು ನಮ್ಮ ಅಭಿಪ್ರಾಯ. ಏಕೆಂದರೆ ಈ ನೆಲವನ್ನು ಬುಲ್ಡೋಜರು ಮುಟ್ಟುವ ಎಷ್ಟೋ ಮೊದಲು ಒಂದು ಶಬ್ದ ಮುಟ್ಟಿರುತ್ತದೆ.

ದೆಹಲಿಯ ದಕ್ಷಿಣ ತುದಿಯಲ್ಲಿ, ತುಘಲಕಾಬಾದಿನ ಹಾಳು ಕೋಟೆಯಿಂದಾಚೆ, ಹರಿಯಾಣದ ಗಡಿಗೆ ಅಂಟಿಕೊಂಡು ಅಸೋಲಾ ಭಾಟಿ ವನ್ಯಜೀವಿಧಾಮವಿದೆ. ವಿಸ್ತೀರ್ಣ ಸುಮಾರು 32 ಚದರ ಕಿಲೋಮೀಟರ್. 1986ರಲ್ಲಿ ಅಸೋಲಾ ಮತ್ತು ನೆರೆಹಳ್ಳಿಗಳ ಭೂಮಿಯನ್ನು ಅಭಯಾರಣ್ಯವೆಂದು ಘೋಷಿಸಿದರು. 1991ರಲ್ಲಿ ಭಾಟಿಯನ್ನು ಸೇರಿಸಿದರು. ಭಾಟಿ ಎಂದರೆ ಹಳೆಯ ದೆಹಲಿಗರಿಗೆ ಇಂದಿಗೂ ಗಣಿಯ ನೆನಪೇ. ಈ ನಗರದ ಮನೆಗಳಿಗೆ ಬೇಕಾದ ‘ಬದರ್‌ಪುರ್’ ಎಂಬ ಕೆಂಪು ಮರಳು ಇಲ್ಲಿಂದ ಹೋಯಿತು, ಕಲ್ಲೂ ಹೋಯಿತು. ಅಗೆತ ನಿಂತ ಮೇಲೆ ಆಳವಾದ ಹಳ್ಳಗಳಲ್ಲಿ ನೀರು ಸೇರಿ ಕೆರೆಗಳಾದವು. ಅವುಗಳ ಸುತ್ತ ಇಂದು ನೀಲ್‌ಗಾಯ್, ನವಿಲು, ನರಿ, ಮೊಲ, ಗೌಜಲಕ್ಕಿ ಇವೆ. ಕ್ಯಾಮೆರಾಗಳಲ್ಲಿ ಚಿರತೆಗಳೂ ದಾಖಲಾಗಿವೆ. ಮೆಟ್ರೋ ಇಳಿದು ಆಟೋ ಹಿಡಿದರೆ ತಲುಪಬಹುದಾದ ದೂರದಲ್ಲಿ ಚಿರತೆಯಿರುವ ರಾಜಧಾನಿಗಳು ಲೋಕದಲ್ಲಿ ಎಷ್ಟಿದ್ದಾವು?

ಆದರೂ ಇಲ್ಲಿಗೆ ಬಂದವರ ಮುಖದಲ್ಲಿ ಮೊದಲು ಕಾಣುವುದು ನಿರಾಶೆ. ಹಿಂದಿನ ಚಳಿಗಾಲದಲ್ಲಿ ನಮ್ಮ ಬಳಗದ ಹತ್ತು ಹನ್ನೆರಡು ಮಂದಿಯೊಂದಿಗೆ ಹೋದಾಗ ಶಿವಮೊಗ್ಗದ ಕಡೆಯ ಹಿರಿಯರೊಬ್ಬರು ಅರ್ಧ ಗಂಟೆ ನಡೆದು, ಕೋಲೂರಿ ನಿಂತು, ‘ಏನ್ರೀ ಇದು, ಕಾಡು ಅಂತ ಕರ್ಕೊಂಡು ಬಂದು ಬರೀ ಮುಳ್ಳು ತೋರಿಸ್ತಿದೀರಲ್ಲ’ ಎಂದರು. ಅವರ ಹಿಂದೆ ಬರುತ್ತಿದ್ದ ಚಳ್ಳಕೆರೆ ಕಡೆಯ ಹೆಣ್ಣುಮಗಳು, ‘ಮುಳ್ಳು ಅಂದ್ರೆ ಹೆಂಗೆ ಸಾರ್, ನಮ್ಮೂರ ಕಾವ್ಲು ಇದ್ದಂಗೇ ಐತೆ. ಇದು ಬೋರೆ, ಅದು ಜಾಲಿ, ಆ ಕಡೆ ಇರೋದು ಬಳ್ಳಾರಿ ಜಾಲಿ’ ಎಂದು ಒಂದೊಂದನ್ನೇ ಬೆರಳು ಮಾಡಿ ತೋರಿಸಿದಳು. ಹಿರಿಯರು ಕಂಡದ್ದು ಒಂದು ಇಲ್ಲದಿರುವಿಕೆ. ಆಕೆ ಕಂಡದ್ದು ಮೂರು ಗಿಡ. ಇಬ್ಬರ ನಡುವಿನ ಈ ಅಂತರ ರುಚಿಭೇದವಷ್ಟೇ ಆಗಿದ್ದರೆ ನಾವು ಬರೆಯಲು ಕೂಡುತ್ತಿರಲಿಲ್ಲ. ಹಿರಿಯರ ನೋಟವೇ ಅಧಿಕಾರದ ನೋಟವೂ ಆಗಿದೆ. ಅದು ನಕ್ಷೆಗಳಲ್ಲಿ, ಪಹಣಿಗಳಲ್ಲಿ, ಬಜೆಟ್ಟುಗಳಲ್ಲಿ ಕೂತಿದೆ.

ಮೊದಲು ಬಳ್ಳಾರಿ ಜಾಲಿಯ ಮಾತು, ಏಕೆಂದರೆ ಅಸೋಲಾದಲ್ಲಿ ಕಣ್ಣು ಹಾಯಿಸಿದತ್ತ ಕಾಣುವುದು ಅದೇ. ದೆಹಲಿಯಲ್ಲಿ ಇದರ ಹೆಸರು ವಿಲಾಯತಿ ಕೀಕರ್, ಅಂದರೆ ಪರದೇಶದ ಜಾಲಿ. ತಮಿಳರಿಗೆ ಇದು ಸೀಮೈ ಕರುವೇಲಂ, ಅಲ್ಲಿಯೂ ಸೀಮೆಯಾಚೆಯದು. ತೆಲುಗಿನಲ್ಲಿ ಸರ್ಕಾರು ತುಮ್ಮ. ಪಾಪ ಸರ್ಕಾರದ ತಲೆಗೆ. ಗುಜರಾತಿಯಲ್ಲಿ ಗಾಂಡೋ ಬಾವಳ, ಮರಾಠಿಯಲ್ಲಿ ವೇಡೀ ಬಾಭೂಳ; ಎರಡರ ಅರ್ಥವೂ ಹುಚ್ಚು ಜಾಲಿ. ನಾವು ಕನ್ನಡಿಗರು ಮಾತ್ರ ಅದನ್ನು ನಮ್ಮದೇ ಬಳ್ಳಾರಿಗೆ ಕಟ್ಟಿ ಕೈತೊಳೆದುಕೊಂಡೆವು. ನಡು ಮತ್ತು ದಕ್ಷಿಣ ಅಮೆರಿಕದ ಈ ಮರವನ್ನು ಪ್ರತಿ ಭಾಷೆಯೂ ಇನ್ನೊಬ್ಬರ ಪಾಲಿಗೆ ಬರೆದಿದೆ, ಯಾರೂ ತಮ್ಮದೆನ್ನುವುದಿಲ್ಲ. ಆದರೆ ಅದು ತಾನಾಗಿ ಬರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ, ಹೊಸ ರಾಜಧಾನಿಯನ್ನು ಕಟ್ಟುವ ಕಾಲದಲ್ಲಿ, ಬ್ರಿಟಿಷರು ಇದನ್ನು ದೆಹಲಿಯ ದಿಣ್ಣೆಗಳ ಮೇಲೆ ನೆಟ್ಟರು. ಆ ದಿಣ್ಣೆಗಳು ಬೋಳಾಗಿ ಕಾಣುತ್ತಿದ್ದವು ಎಂಬುದೇ ಕಾರಣ. ವೈಸರಾಯ್ ಭವನದ ಹಿನ್ನೆಲೆ ಹಸಿರಾಗಿರಬೇಕಿತ್ತು. ಹಸಿರಾಯಿತು. ಅದರ ಕೆಳಗೆ ಹುಲ್ಲು ಸರಿಯಾಗಿ ಏಳಲಿಲ್ಲ, ಊರಿನ ಗಿಡಗಳಿಗೆ ಜಾಗ ಉಳಿಯಲಿಲ್ಲ. ಕಾಯಿ ತಿಂದ ನೀಲ್‌ಗಾಯ್ ಮತ್ತು ದನಗಳು ಬೀಜವನ್ನು ಹೊತ್ತು ಹರಡಿದವು. ಇಂದು ಅಸೋಲಾಕ್ಕೆ ಬಂದು ‘ಛೇ, ಬರೀ ಮುಳ್ಳು’ ಎನ್ನುವವರು ನಿಜಕ್ಕೂ ನೋಡುತ್ತಿರುವುದು ಕುರುಚಲನ್ನಲ್ಲ, ಕುರುಚಲನ್ನು ಸಹಿಸಲಾರದ ಕಣ್ಣುಗಳು ನೂರು ವರ್ಷದ ಹಿಂದೆ ಮಾಡಿದ ಕ್ಷೌರವನ್ನು.

ನಿಜವಾದ ಕುರುಚಲನ್ನು ನೋಡಬೇಕಾದವರು ಇನ್ನೊಂದಿಷ್ಟು ದೂರ, ಗುರುಗ್ರಾಮ ಮತ್ತು ಫರೀದಾಬಾದ್‌ಗಳ ನಡುವಿನ ಮಾಂಗರ್ ಬನಿಗೆ ಹೋಗಬೇಕು. ಅದು ದೇವರಕಾಡು. ಗುದರಿಯಾ ದಾಸ್ ಬಾಬಾ ಎಂಬ ಸಾಧುವಿನ ಕಟ್ಟಳೆಯೆಂದು ಸುತ್ತಲಿನ ಹಳ್ಳಿಗಳ ಗುಜ್ಜರರು ಅಲ್ಲಿ ಕೊಂಬೆ ಮುರಿಯುವುದಿಲ್ಲ. ಅಲ್ಲಿರುವುದು ಬಹುಪಾಲು ಧೌ ಎಂಬ ಮರ. ನಮ್ಮ ದಿಂಡಿಗದ ಹತ್ತಿರದ ಬಂಧು. ಧೌನ ಬದುಕಿನ ರೀತಿಯನ್ನು ಸ್ವಲ್ಪ ವಿವರಿಸಲೇಬೇಕು. ಆಡು ಕುರಿ ಮೇಯುವ ಕಡೆ ಅದು ಮರವಾಗುವ ಗೊಡವೆಗೇ ಹೋಗದೆ ಬಂಡೆಯ ಮೇಲೆ ಚಾಪೆಯ ಹಾಗೆ ಹಬ್ಬಿಕೊಂಡು ಬಿದ್ದಿರುತ್ತದೆ. ವರ್ಷಗಟ್ಟಲೆ ಹಾಗೆಯೇ. ಮೇವು ನಿಂತಿತೋ, ಆ ಚಾಪೆಯಿಂದಲೇ ನಿಧಾನವಾಗಿ ಮೇಲೇಳುತ್ತದೆ. ಬೇರಿನಿಂದ ಚಿಗುರಿ ಪಕ್ಕಕ್ಕೆ ಹೋಗುತ್ತದೆ. ಬೀಜದಿಂದ ಅದನ್ನು ಬೆಳೆಸುವುದು ನರ್ಸರಿಯವರಿಗೆ ದೊಡ್ಡ ತಲೆನೋವು. ಬಿರುಕುಬಿಟ್ಟ ಬಿಳಿಗಲ್ಲಿನ ಸಂದಿಯಲ್ಲಿ ಬೇರಿಳಿಸಿ ನಿಲ್ಲುವ ಇಂಥ ಗಿಡಗಳ ಶರೀರದ ದೊಡ್ಡ ಪಾಲು ನೆಲದೊಳಗಿರುತ್ತದೆ. ಅದೇ ಬಿರುಕುಗಳ ಮೂಲಕ ಮಳೆನೀರೂ ಒಳಗಿಳಿದು ಸುತ್ತಲಿನ ಬಾವಿ ಬೋರ್‌ವೆಲ್‌ಗಳಿಗೆ ಸೇರುತ್ತದೆ. ಮೇಲಿನಿಂದ ನೋಡಿ ‘ಏನೂ ಇಲ್ಲ’ ಎಂದು ತೀರ್ಪು ಕೊಡುವವನು ಮನೆಯ ಹೆಂಚು ನೋಡಿ ಒಳಗೆ ಯಾರೂ ಇಲ್ಲವೆಂದಂತೆ.

ಈಗ ಸಾಹಿತ್ಯದವರಿಗೆ ರುಚಿಸಬಹುದಾದ ಒಂದು ಸಂಗತಿ. ‘ಜಂಗಲ್’ ಎಂಬ ಶಬ್ದವನ್ನು ಇಂಗ್ಲಿಷರು ಹಿಂದಿಯಿಂದ ತೆಗೆದುಕೊಂಡು, ಜೌಗು, ಕತ್ತಲೆ, ಬಳ್ಳಿಗಳ ಹೆಣಿಗೆ ಎಂಬ ಅರ್ಥ ಹಚ್ಚಿ ನಮಗೇ ಮರಳಿಸಿದರು. ಸಂಸ್ಕೃತದ ‘ಜಾಂಗಲ’ಕ್ಕೆ ಇದ್ದ ಅರ್ಥ ಸರಿಯಾಗಿ ಇದರ ತಿರುವುಮುರುವು: ಬಯಲು, ಒಣನೆಲ, ಮುಳ್ಳುಮರ, ಹುಲ್ಲೆ. ಆಯುರ್ವೇದ ನೆಲವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಂಗಡಿಸುತ್ತದೆ. ಚರಕಸಂಹಿತೆ ಜಾಂಗಲದ ಮರಗಳನ್ನು ಹೆಸರಿಸುವಾಗ ಖದಿರ, ಧವ, ಶಲ್ಲಕಿ, ಬದರಿ, ಶಮಿ ಎಂದು ಹೇಳುತ್ತ ಹೋಗುತ್ತದೆ. ಧವ ಎಂದರೆ ಧೌ. ಶಲ್ಲಕಿ ಎಂದರೆ ಅರಾವಳಿಯ ನೆತ್ತಿಯ ಮೇಲೆ ಇಂದಿಗೂ ಅಲ್ಲಲ್ಲಿ ನಿಂತಿರುವ ಸಲೈ. ಬದರಿ ನಮ್ಮ ಚಳ್ಳಕೆರೆಯ ಹೆಣ್ಣುಮಗಳು ತೋರಿದ ಬೋರೆಯ ಕುಲದ್ದು. ಶಮಿ ನಾವು ಪ್ರತಿ ದಸರೆಗೆ ಹಂಚಿಕೊಳ್ಳುವ ಬನ್ನಿ. ಆ ಹಳೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮಾಂಗರದ ಸುತ್ತ ನಡೆದರೆ ಹೆಚ್ಚುಕಡಿಮೆ ಹಾಜರಿ ತೆಗೆದುಕೊಳ್ಳಬಹುದು. ದೆಹಲಿ ಹರಿಯಾಣದ ಈ ಸೀಮೆಯನ್ನು ಮಹಾಭಾರತ ಕುರುಜಾಂಗಲವೆಂದೇ ಕರೆಯಿತು. ಅಂದರೆ ನಾವು ‘ಕಾಡಲ್ಲ’ ಎಂದು ತಳ್ಳಿಹಾಕುವ ನೆಲದ ಹೆಸರನ್ನೇ ಕದ್ದು ಬೇರೊಂದು ಕಾಡಿಗೆ ಇಟ್ಟು, ಆಮೇಲೆ ಇದು ಅದರ ಹಾಗಿಲ್ಲವೆಂದು ಮೂಗು ಮುರಿಯುತ್ತಿದ್ದೇವೆ. ಮಲೆನಾಡಿನ ಗೆಳೆಯರು ಕೋಪಿಸಿಕೊಳ್ಳಬಾರದು: ಹಳೆಯ ವೈದ್ಯರ ಲೆಕ್ಕದಲ್ಲಿ ಅವರದ್ದು ಆನೂಪಕ್ಕೆ ಹತ್ತಿರದ ನೆಲ, ಜಡ್ಡಿಗೆ ಹೆಚ್ಚು ಒಗ್ಗುವಂಥದ್ದು. ಆರೋಗ್ಯಕ್ಕೆ ಒಳ್ಳೆಯದು ಜಾಂಗಲವೇ.

ಇಂದ್ರಪ್ರಸ್ಥದ ಬಳಿಯ ಖಾಂಡವವನವನ್ನು ಸುಟ್ಟದ್ದನ್ನು ಪಂಪನನ್ನೂ ಕುಮಾರವ್ಯಾಸನನ್ನೂ ಓದಿದವರಿಗೆ ನೆನಪಿಸಬೇಕಿಲ್ಲ. ನಗರದ ಅಂಚಿನ ಕಾಡು ನಗರದ ಮೊದಲ ಉರುವಲು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷ್ಯವಿಲ್ಲ.

ಹಾಗಾದರೆ ಕನ್ನಡದ ಕಣ್ಣಿಗೆ ಮುಳ್ಳುಕಾಡು ಕಾಡಾಗಿ ಏಕೆ ಕಾಣುವುದಿಲ್ಲ? ನಮ್ಮ ಅಚ್ಚಾದ ಸಾಹಿತ್ಯದ ದೊಡ್ಡ ಕಾಡುಗಳೆಲ್ಲ ಪಡುವಣ ಘಟ್ಟದವು. ಕುವೆಂಪು, ಕಾರಂತ, ತೇಜಸ್ವಿ ಇವರನ್ನು ಓದಿ ನಾವು ಕಾಡು ಎಂದರೇನೆಂದು ಕಲಿತೆವು. ಆ ಕಲಿಕೆಯ ಋಣ ತೀರಿಸಲಾಗದು. ಅವರು ತಮ್ಮ ಕಾಡನ್ನು ಬರೆದರು, ಸರಿಯಾಗಿಯೇ ಬರೆದರು. ತಪ್ಪು ಅವರದಲ್ಲ, ಮಳೆ ಮತ್ತು ಜಿಗಣೆಯಿಲ್ಲದ್ದು ಕಾಡೇ ಅಲ್ಲವೆಂಬ ವ್ಯಾಖ್ಯೆಯನ್ನು ಅವರಿಂದ ಎತ್ತಿಕೊಂಡ ನಮ್ಮ ಓದಿನ ಪರಂಪರೆಯದ್ದು. ಕರ್ನಾಟಕದ ಹೆಚ್ಚಿನ ಭಾಗ ಒಣನೆಲ. ಆ ನೆಲದ ಹಾಡುಗಬ್ಬಗಳು ನಮ್ಮಲ್ಲಿ ರಾಶಿಯಾಗಿವೆ. ಕಾಡುಗೊಲ್ಲರು ಜುಂಜಪ್ಪನನ್ನು ಹಾಡುತ್ತಾರೆ, ಮ್ಯಾಸಬೇಡರು ತಮ್ಮ ದೇವರೆತ್ತುಗಳ, ವೀರರ ಕಥೆಗಳನ್ನು ಹಾಡುತ್ತಾರೆ. ಕಾಡುಗೊಲ್ಲರ ಹೆಸರಿನಲ್ಲಿರುವ ‘ಕಾಡು’ ಯಾವುದು ಎಂದು ಎಂದಾದರೂ ಕೇಳಿಕೊಂಡಿದ್ದೇವೆಯೇ? ಅದು ಆಗುಂಬೆಯದ್ದಲ್ಲ. ಹಿರಿಯೂರು, ಸಿರಾ, ಚಳ್ಳಕೆರೆಗಳ ಕಾರೆ, ಬೋರೆ, ಜಾಲಿ, ತಂಗಡಿಯ ಕಾಡು. ಮುಳ್ಳುಕಳ್ಳೆಯ ಬೇಲಿ ಕಟ್ಟಿದ ಹಟ್ಟಿಯೊಳಗೆ ದನಕುರಿ ಕೂಡಿ, ಬೆಳಗಾದರೆ ಅದೇ ಮುಳ್ಳಿನ ನಡುವೆ ಮೇಯಿಸಿ ಬದುಕಿದ ಜನಕ್ಕೆ ಅದು ಕಾಡಾಗಿತ್ತು, ದೇವರಾಗಿತ್ತು, ಕಾವ್ಯವೂ ಆಗಿತ್ತು. ನಮ್ಮ ವಿಶ್ವವಿದ್ಯಾಲಯಗಳು ಆ ಕಾವ್ಯಗಳನ್ನು ‘ಜಾನಪದ’ವೆಂಬ ಬೇರೆ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿದವು. ಆ ಕೋಣೆಯ ಜೊತೆಗೆ ಆ ನೆಲವನ್ನು ನೋಡುವ ಕಣ್ಣೂ ಮುಚ್ಚಿತು.

ಬದಲಿಗೆ ಬಳಕೆಗೆ ಬಂದ ಶಬ್ದಗಳನ್ನು ನೋಡಿ. ಬಂಜರು. ಪಾಳು. ಬೀಳು. ಎಲ್ಲಕ್ಕಿಂತ ಚೆಂದದ್ದು ‘ಖರಾಬು’. ಕರ್ನಾಟಕದ ಪಹಣಿಯಲ್ಲಿ ಸಾಗುವಳಿಗೆ ಒದಗದ, ಕಂದಾಯಕ್ಕೆ ದಕ್ಕದ ನೆಲಕ್ಕೆ ಇಂದಿಗೂ ಅದೇ ಹೆಸರು. ಎ ಖರಾಬು, ಬಿ ಖರಾಬು ಎಂದು ಅದರಲ್ಲೂ ದರ್ಜೆಗಳಿವೆ. ಖರಾಬು ಎಂದರೆ ಕೆಟ್ಟದ್ದು. ಯಾರಿಗೆ ಕೆಟ್ಟದ್ದು? ಕಂದಾಯದ ಅಧಿಕಾರಿಗೆ. ಕುರಿಯವನಿಗೆ ಅದು ಕೆಟ್ಟದ್ದಾಗಿರಲಿಲ್ಲ, ಕೃಷ್ಣಮೃಗಕ್ಕೂ ಆಗಿರಲಿಲ್ಲ. ಚಿತ್ರದುರ್ಗದ ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆಯನ್ನು 2007ರಿಂದ 2010ರ ನಡುವೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನದ ಸಂಸ್ಥೆಗಳಿಗೆ ಹಂಚಿದಾಗ ಸುತ್ತಲಿನ ಹಳ್ಳಿಗರಿಗೆ ಅದರ ನಿಜವಾದ ಅರಿವಾದದ್ದು ಗೋಡೆಗಳು ಏಳತೊಡಗಿದ ಮೇಲೆ. ಖಾಲಿ ನೆಲ ಕೊಟ್ಟರೆ ಯಾರಿಗೆ ನಷ್ಟ ಎಂಬ ಮಾತು ಆಗ ಪೇಟೆಯಲ್ಲಿ ಎಷ್ಟು ಸಲೀಸಾಗಿ ಓಡಾಡಿತು! ಬೆಂಗಳೂರಿನ ಹೆಸರಘಟ್ಟದ ಹುಲ್ಲುಗಾವಲಿಗೆ ಚಿತ್ರನಗರಿ ತರುವ ಆಸೆ ಪದೇ ಪದೇ ಎದ್ದದ್ದೂ ಇದೇ ತರ್ಕದಿಂದ.

ದೆಹಲಿಯ ಕಚೇರಿಗಳ ಶಬ್ದಕೋಶ ಇನ್ನೂ ಸ್ವಾರಸ್ಯದ್ದು. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡದಾದ ನೆಲದಲ್ಲಿ ಮರಗಳ ನೆತ್ತಿ ಶೇಕಡಾ 10ರಷ್ಟಾದರೂ ನೆರಳು ಹಾಸಿದರೆ ಅದು ಅರಣ್ಯ ಹೊದಿಕೆ. ಆ ಮರ ಯಾವುದು, ಯಾರದು ಎಂಬ ಪ್ರಶ್ನೆಯಿಲ್ಲ. ಹಣ್ಣಿನ ತೋಪು, ಬಿದಿರು, ತೆಂಗು ಎಲ್ಲವೂ ಒಳಗೆ. ಶೇಕಡಾ 10ಕ್ಕಿಂತ ಕಡಿಮೆ ಇದ್ದರೆ ಅದು ‘ಕುರುಚಲು’, ಹೊದಿಕೆಯ ಮೊತ್ತದ ಹೊರಗೆ. ಕೇಂದ್ರ ಸರ್ಕಾರ ಹೊರತರುವ ಪಾಳುಭೂಮಿಯ ಭೂಪಟದಲ್ಲಂತೂ ದಟ್ಟ ಕುರುಚಲಿನ ನೆಲ, ವಿರಳ ಕುರುಚಲಿನ ನೆಲ ಎಂಬ ವರ್ಗಗಳೇ ಇವೆ. ಅಂದರೆ ಕುರುಚಲು ದಟ್ಟವಾದಷ್ಟೂ ದಟ್ಟವಾದ ಪಾಳು! 2025ರ ನವೆಂಬರಿನಲ್ಲಿ ಇದಕ್ಕೆ ಇನ್ನೊಂದು ಅಧ್ಯಾಯ ಸೇರಿತು. ಸುತ್ತಲಿನ ನೆಲಕ್ಕಿಂತ 100 ಮೀಟರಾದರೂ ಎತ್ತರವಿದ್ದರೆ ಮಾತ್ರ ಅರಾವಳಿ ಬೆಟ್ಟವೆಂದು ಪರಿಗಣಿಸುವ ವ್ಯಾಖ್ಯೆಯನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಿಕೊಂಡಿತು. ಜನರ ಪ್ರತಿಭಟನೆ ಎದ್ದ ಮೇಲೆ ಡಿಸೆಂಬರಿನ ಕೊನೆಯಲ್ಲಿ ತಾನೇ ಅದನ್ನು ತಡೆಹಿಡಿಯಿತು. ದೆಹಲಿಯ ಸುತ್ತಲಿನ ಹೆಚ್ಚಿನ ದಿಣ್ಣೆಗಳು ಆ ಅಳತೆಗೋಲಿಗೆ ಎಟುಕುವಂಥವಲ್ಲ. ಕುಳ್ಳಗಿದ್ದರೆ ಬೆಟ್ಟವಲ್ಲ, ನೆರಳಿಲ್ಲದಿದ್ದರೆ ಕಾಡಲ್ಲ. ಈ ಎರಡು ವಾಕ್ಯಗಳ ನಡುವೆ ಅರಾವಳಿಯ ಬಹುಭಾಗ ಕಾನೂನಿನ ದೃಷ್ಟಿಯಲ್ಲಿ ಮಾಯವಾಗಿಬಿಡಬಹುದಿತ್ತು.

ಹೈದರಾಬಾದಿನ ನಮ್ಮ ಗೆಳೆಯರು ಇದನ್ನು ಕಣ್ಣಾರೆ ಕಂಡಿದ್ದಾರೆ. 2025ರ ಮಾರ್ಚ್ ಕೊನೆಯ ರಜಾದಿನಗಳಲ್ಲಿ ಕಂಚ ಗಚ್ಚಿಬೌಲಿಯ 400 ಎಕರೆಯ ಕುರುಚಲಿಗೆ ಯಂತ್ರಗಳು ನುಗ್ಗಿದವು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಡ್ಡನಿಂತರು. ಏಪ್ರಿಲ್ 3ರಂದು ಸರ್ವೋಚ್ಚ ನ್ಯಾಯಾಲಯ ತಾನಾಗಿ ಪ್ರಕರಣ ಎತ್ತಿಕೊಂಡು ಕೆಲಸ ನಿಲ್ಲಿಸುವವರೆಗೆ ದೊಡ್ಡದೊಂದು ಭಾಗ ನೆಲಸಮವಾಗಿತ್ತು. ಅದು ಅರಣ್ಯವೇ ಅಲ್ಲ ಎಂಬುದು ಅಲ್ಲಿ ಸರ್ಕಾರದ ವಾದ. ತೆಲುಗಿನ ‘ಕಂಚ’ಕ್ಕೆ ಮೇವಿನ ಕಾವಲು ಎಂಬ ಅರ್ಥವಿದೆ. ಊರಿನ ಹೆಸರೇ ಅದು ಏನೆಂದು ಹೇಳುತ್ತಿದ್ದಾಗ ನಕ್ಷೆ ಬೇರೆ ಮಾತು ಹೇಳಿತು.

ಇಲ್ಲಿ ಒಂದು ಅನುಮಾನಕ್ಕೆ ಉತ್ತರ ಕೊಡಬೇಕು. ಹಾಗಾದರೆ ಮರ ನೆಡುವುದೂ ತಪ್ಪೇ ಎಂದು ಕೇಳುವವರಿದ್ದಾರೆ, ಮುಖ್ಯವಾಗಿ ಜೂನ್ ತಿಂಗಳಲ್ಲಿ. ನೆಡುವುದು ತಪ್ಪಲ್ಲ, ಎಲ್ಲಿ, ಏನನ್ನು, ಯಾವುದರ ಮೇಲೆ ನೆಡುತ್ತಿದ್ದೇವೆ ಎಂದು ಕೇಳದಿರುವುದು ತಪ್ಪು. ಪುಣೆಯ ಬೆಟ್ಟಗಳನ್ನು ಹತ್ತುವ ಗೆಳೆಯರು ಗ್ಲಿರಿಸಿಡಿಯಾದ ಸಾಲುಗಳನ್ನು ನೋಡಿರುತ್ತಾರೆ. ಹುಲ್ಲುಗುಡ್ಡವನ್ನು ಹಸಿರು ಮಾಡಲೆಂದು ಹಾಕಿದ ಆ ಪರದೇಶಿ ಮರದಡಿ ಹುಲ್ಲು ಬಡವಾಯಿತು, ಹುಲ್ಲಿನ ಹಕ್ಕಿಗೆ ಜಾಗ ಹೋಯಿತು. ಹುಲ್ಲಿನ ಮೇಲೆ ಮರ ಹೇರುವುದು ಕೆರೆಯೊಳಗೆ ಮಣ್ಣು ತುಂಬಿಸಿದಷ್ಟೇ ಅನಾಹುತ. ಒಂದನ್ನು ಒತ್ತುವರಿ ಎನ್ನುತ್ತೇವೆ, ಇನ್ನೊಂದಕ್ಕೆ ವನಮಹೋತ್ಸವವೆಂದು ಹೆಸರಿಟ್ಟು ಭಾಷಣ ಮಾಡುತ್ತೇವೆ. ಇದಕ್ಕೆ ಎದುರಾದ ಉದಾಹರಣೆಯೂ ಕಣ್ಣಮುಂದಿದೆ. ಗುರುಗ್ರಾಮದ ಅರಾವಳಿ ಜೀವವೈವಿಧ್ಯ ಉದ್ಯಾನ ಮೊದಲು ಗಣಿಯಾಗಿದ್ದ ಜಾಗ. ನಾಗರಿಕರು ಕೈಹಾಕಿ, ಬೆಟ್ಟದಲ್ಲಿ ಹಿಂದೆ ಏನಿತ್ತು ಎಂದು ಮಾಂಗರದಂಥ ಉಳಿದ ತುಣುಕುಗಳನ್ನು ನೋಡಿ ಕಲಿತು, ಧೌ, ಸಲೈ, ಮುತ್ತುಗ ಮತ್ತು ಊರ ಹುಲ್ಲುಗಳನ್ನೇ ಬೆಳೆಸಿದರು. 2022ರ ಫೆಬ್ರವರಿಯಲ್ಲಿ ಅದು, ಅಭಯಾರಣ್ಯಗಳ ಹೊರಗಿದ್ದೂ ಜೀವಸಂಕುಲವನ್ನು ಕಾಯುವ ತಾಣವೆಂದು ದೇಶದಲ್ಲೇ ಮೊದಲ ಮಾನ್ಯತೆ ಪಡೆಯಿತು. ದೆಹಲಿಯ ವಸಂತ ವಿಹಾರದ ಬದಿಯ ಉದ್ಯಾನದಲ್ಲಿ ಪ್ರೊಫೆಸರ್ ಸಿ. ಆರ್. ಬಾಬು ಅವರ ಮಾರ್ಗದರ್ಶನದಲ್ಲಿ ನಡೆದದ್ದೂ ಇಂಥದೇ ಕೆಲಸ. ಎರಡೂ ಕಡೆ ಬಳ್ಳಾರಿ ಜಾಲಿಯನ್ನು ಒಂದೇ ದಿನ ಬುಡಮೇಲು ಮಾಡಲಿಲ್ಲ. ನೂರು ವರ್ಷ ನಿಂತದ್ದರಲ್ಲಿ ಈಗ ಹಕ್ಕಿಗಳಿವೆ, ಮುಳ್ಳುಹಂದಿಗಳಿವೆ, ಸುತ್ತಲಿನ ಹೆಂಗಸರ ಒಲೆಗೆ ಸೌದೆಯಿದೆ. ಕೊಂಬೆ ಸವರಿ ಬೆಳಕು ಬಿಟ್ಟು, ಅದರಡಿ ಊರ ಗಿಡ ಏಳಿಸುವ ನಿಧಾನದ ದಾರಿಯೇ ಸರಿ. ನಿಧಾನದ ಕೆಲಸಕ್ಕೆ ಉದ್ಘಾಟನೆಯ ಫಲಕ ಸಿಗುವುದಿಲ್ಲ, ಅಷ್ಟೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ನುಣುಚಿಕೊಳ್ಳಬಾರದು. ಕಾಡು ಎಂದು ಬೇಲಿ ಹಾಕಿದಾಗಲೆಲ್ಲ ಹೊರಗೆ ಬೀಳುವವರು ಬಡವರು. ಭಾಟಿಯ ಗಣಿಯೊಳಗೆ ಸಂಜಯ್ ಕಾಲೊನಿ ಎಂಬ ನೆಲೆಯಿದೆ. ಅಲ್ಲಿರುವವರು ಬಹುಮಟ್ಟಿಗೆ ಓಡ್ ಸಮುದಾಯದವರು. ನಮ್ಮ ಕಡೆಯ ಒಡ್ಡರ ಹಾಗೆ ಮಣ್ಣು ಕಲ್ಲು ಅಗೆಯುವುದೇ ಅವರ ಕುಲಕಸುಬು. ದೆಹಲಿ ಕಟ್ಟಲು ಅವರ ಗುದ್ದಲಿ ಬೇಕಿತ್ತು. ಅಗೆತ ನಿಂತು ಅಭಯಾರಣ್ಯವಾದ ಮೇಲೆ ಅವರೇ ಒತ್ತುವರಿದಾರರಾದರು. ಅದೇ ಅರಾವಳಿಯ ಸಾಲಿನಲ್ಲಿ ಹಣವಂತರ ತೋಟದ ಮನೆಗಳಿಗೆ ಸಿಗುವ ಸಹನೆ ಇವರಿಗೆ ಸಿಗಲಿಲ್ಲ. ಇದನ್ನು ನೋಡಿಯೂ ಕಾಡಿನ ಪರವಾಗಿ ಮಾತಾಡುವವರು ಮೊದಲು ಹೇಳಬೇಕಾದದ್ದು ಇಷ್ಟು: ಕುರುಚಲು ಎಂದೂ ಜನರಿಲ್ಲದ ಕಾಡಾಗಿರಲಿಲ್ಲ. ಮಾಂಗರವನ್ನು ಕಾದವರು ಅರಣ್ಯ ಇಲಾಖೆಯವರಲ್ಲ, ದನ ಕಾಯುವವರು. ಚಳ್ಳಕೆರೆಯ ಕಾವಲುಗಳನ್ನು ಉಳಿಸಲು ನ್ಯಾಯಾಲಯದ ಮೆಟ್ಟಿಲೇರಿದವರ ಬೆನ್ನಹಿಂದೆ ಕುರಿಯವರು, ಕಂಬಳಿ ನೇಯುವವರು ನಿಂತಿದ್ದರು. ‘ಪಾಳು’ ಎಂಬ ಶಬ್ದ ಗಿಡವನ್ನಷ್ಟೇ ಅಳಿಸುವುದಿಲ್ಲ, ಅಲ್ಲಿ ಮೇಯಿಸುವವನನ್ನೂ ಅಳಿಸುತ್ತದೆ. ಹಾಗಾಗಿ ಬಡವರಿಗೆ ಮನೆ ಬೇಕು ಎಂಬ ವಾದವನ್ನು ಮುಂದೊಡ್ಡಿ ಕುರುಚಲನ್ನು ಹರಾಜಿಗಿಡುವವರನ್ನು ನಾವು ನಂಬುವುದಿಲ್ಲ. ಗಚ್ಚಿಬೌಲಿಯಲ್ಲಿ ಬರಬೇಕಿದ್ದದ್ದು ಬಡವರ ಮನೆಗಳಲ್ಲ.

ಕೊನೆಗೆ ಭೇಟಿಯ ಮಾತು, ಅಂದರೆ ನಮ್ಮಂಥ ಭಾನುವಾರದವರ ಮಾತು. ಹರಿಯಾಣದಲ್ಲಿ 10,000 ಎಕರೆಯ ಸಫಾರಿ ಉದ್ಯಾನದ ಯೋಜನೆ 2022ರಲ್ಲಿ ಪ್ರಕಟವಾಯಿತು. ಈಗ ಅದರ ವಿವಾದ ಸರ್ವೋಚ್ಚ ನ್ಯಾಯಾಲಯದ ಮುಂದಿದೆ. ಇರುವ ನರಿ, ಕತ್ತೆಕಿರುಬ, ಚಿರತೆಗಳ ಬೆಟ್ಟಕ್ಕೆ ಎಲ್ಲಿಂದಲೋ ಪ್ರಾಣಿಗಳನ್ನು ತಂದು ಆವರಣದಲ್ಲಿಟ್ಟು ತೋರಿಸುವ ಯೋಚನೆ ಎಲ್ಲಿಂದ ಬರುತ್ತದೆ? ‘ನೋಡೋದಕ್ಕೆ ಏನೂ ಇಲ್ಲ’ ಎಂದು ಗೇಟಿನ ಬಳಿ ಗೊಣಗುವ ಪ್ರವಾಸಿಯಿಂದ ಬರುತ್ತದೆ. ಅಸೋಲಾದ ಮಂಗಗಳ ಕಥೆಯೂ ಹಾಗೆಯೇ. ಉಚ್ಚ ನ್ಯಾಯಾಲಯದ ಆದೇಶದ ಮೇಲೆ 2007ರಿಂದ ನಗರದಲ್ಲಿ ಹಿಡಿದ ಮಂಗಗಳನ್ನು ತಂದು ಇಲ್ಲಿ ಬಿಡಲಾಗಿದೆ. ನಗರಕ್ಕೆ ಬೇಡವಾದದ್ದನ್ನು ಬಿಸಾಡಲು ಅದಕ್ಕೆ ಸಿಕ್ಕ ಜಾಗ ಇದೇ. ಬಾಳೆಹಣ್ಣು ಎಸೆಯುವ ಕಾರುಗಳು ಅವುಗಳ ಹಿಂದೆಯೇ ಬಂದವು. ಚೆನ್ನೈನ ಗಿಂಡಿಯಲ್ಲಿ ಮೂರು ಚದರ ಕಿಲೋಮೀಟರನ್ನೂ ಮುಟ್ಟದ ಒಂದು ರಾಷ್ಟ್ರೀಯ ಉದ್ಯಾನ ಉಳಿದಿದೆ, ಕೃಷ್ಣಮೃಗ ಸಮೇತ. ಅಲ್ಲಿನ ಗೆಳೆಯರು ಅದರ ಪಕ್ಕದ ಮಕ್ಕಳ ಉದ್ಯಾನಕ್ಕೆ ಹೋದಷ್ಟು ಸಲ ಬೇಲಿಯಾಚೆಯ ಕುರುಚಲನ್ನು ದಿಟ್ಟಿಸಿ ನೋಡಿದ್ದುಂಟೇ? ತಮಾಷೆಗೆ ಕೇಳುತ್ತಿಲ್ಲ.

ನಮ್ಮ ಬಳಗಕ್ಕೆ ನಾವು ಮುಂದಿಡುವ ಬೇಡಿಕೆ ಎರಡೇ. ಮೊದಲನೆಯದು, ಈ ತಾಣದಲ್ಲಿ ಬರೆಯುವವರು, ಅನುವಾದಿಸುವವರು ಇನ್ನು ಮುಂದೆ ಹುಲ್ಲು ಮುಳ್ಳಿನ ನೆಲಕ್ಕೆ ಬಂಜರು, ಪಾಳು, ಖರಾಬು ಎಂಬ ಶಬ್ದಗಳನ್ನು ಬಳಸಕೂಡದು. ಕಾವಲು, ಗೋಮಾಳ, ಹುಲ್ಲುಗಾಡು, ಮುಳ್ಳುಗಾಡು, ಜಾಂಗಲ ಎಂಬ ಮಾತುಗಳಿವೆ. ನಿಮ್ಮ ನಿಮ್ಮ ಊರಲ್ಲಿ ಇನ್ನೂ ಬೇರೆ ಇದ್ದಾವು, ಬರೆದು ಕಳಿಸಿ. ಕುರುಚಲು ಎಂಬುದನ್ನು ಬೇಕಾದರೆ ಗಡ್ಡಕ್ಕೇ ಬಿಟ್ಟುಕೊಡೋಣ. ಎರಡನೆಯದು ಮಾರ್ಚ್ ಕೊನೆಯ ಭಾನುವಾರ. ಆ ಹೊತ್ತಿಗೆ ಮುತ್ತುಗ ಹೂಬಿಟ್ಟಿರುತ್ತದೆ. ಎಲೆಯೇ ಇಲ್ಲದ ಕರೀರದ ಪೊದೆ ಇಟ್ಟಿಗೆ ಬಣ್ಣದ ಹೂ ಹೊತ್ತಿರುತ್ತದೆ. ಅದರ ಕಾಯಿಯ ಉಪ್ಪಿನಕಾಯಿಯನ್ನು ದೆಹಲಿಯ ಅಂಗಡಿಗಳಲ್ಲಿ ಕೊಂಡು ತಿಂದವರು ಗಿಡವನ್ನು ನೋಡಿರುವುದಿಲ್ಲ. ಕರ್ಣಿ ಸಿಂಗ್ ಶೂಟಿಂಗ್ ರೇಂಜಿನ ಬದಿಯ ಬಾಗಿಲಲ್ಲಿ ಬೆಳಿಗ್ಗೆ ಏಳಕ್ಕೆ ಸೇರೋಣ. ನೀರು ತನ್ನಿ, ಮುಳ್ಳು ತಾಗದ ಬೂಟು ಹಾಕಿ. ಮಂಗಗಳಿಗೆ ಏನನ್ನೂ ತರಬೇಡಿ. ಗಿಡಗಳ ಹೆಸರು ಹೇಳಲು ಚಳ್ಳಕೆರೆಯ ಹೆಣ್ಣುಮಗಳು ಒಪ್ಪಿದ್ದಾಳೆ. ಶಿವಮೊಗ್ಗದ ಹಿರಿಯರೂ ಬರುತ್ತೇನೆಂದಿದ್ದಾರೆ, ವಾದ ಮಾಡಲಿಕ್ಕೆಂದೇ.